ಅಲ್ಲಿ ತಿಂದು ಬಂದಿರ್ತಾನೆ ಬಿಡು

ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮದು ಜೋಡಿ ಮನೆ. ಕಾರ್ಖಾನೆಯವರು ಕಟ್ಟಿಸಿದ ಆ ಕ್ವಾರ್ಟರ್ಸ್‌ನಲ್ಲಿ ಎರಡು ಸಂಸಾರಕ್ಕೆ ನಡುವೆ ಒಂದೇ ಗೋಡೆ. ನಮ್ಮ ಅಡುಗೆಮನೆಯ ಬೆನ್ನಿಗೆ ಅವರ ಅಡುಗೆಮನೆ, ನಮ್ಮ ಬಚ್ಚಲಿನ ಬೆನ್ನಿಗೆ ಅವರ ಬಚ್ಚಲು. ನಮ್ಮಪ್ಪ ಕೆಮ್ಮಿದರೆ ಆ ಕಡೆ ಮುರುಗೇಶಣ್ಣ ಯಾವ ಔಷಧಿ ಕುಡಿಯಬೇಕೆಂದು ಅಲ್ಲಿಂದಲೇ ಹೇಳುತ್ತಿದ್ದರು. ಅವರ ಮನೆಯ ಮೀನಿನ ಸಾರು ಕುದಿಯುವ ದಿನ ಅಮ್ಮ ಕಿಟಕಿ ಮುಚ್ಚಿ ಊದಿನಕಡ್ಡಿ ಹಚ್ಚುತ್ತಿದ್ದಳು. ಹಿತ್ತಿಲಿನಲ್ಲಿ ಮಾತ್ರ ಗೋಡೆ ಸೊಂಟದೆತ್ತರಕ್ಕೆ ಇಳಿದಿತ್ತು, ಅದರಲ್ಲೂ ಒಂದು ಕಡೆ ಇಟ್ಟಿಗೆ ಬಿದ್ದು ಸಂದು ಆಗಿತ್ತು. ಎರಡು ಮನೆಯ ಗಂಡಸರೂ ಅದನ್ನು ಸರಿಮಾಡಿಸಲಿಲ್ಲ. ಕಾರಣ, ಆ ಸಂದಿಯಲ್ಲಿ ನಾಯಿ ಓಡಾಡುತ್ತಿತ್ತು, ಆ ನಾಯಿ ತಮ್ಮದೆಂದು ಎರಡು ಮನೆಯವರೂ ನಂಬಿದ್ದರು.

ನಮ್ಮ ಮನೆಯಲ್ಲಿ ಅವನ ಹೆಸರು ಮೋತಿ. ಅವರ ಮನೆಯಲ್ಲಿ ಮಣಿ. ಅಪ್ಪನ ಪ್ರಕಾರ ಸಂತೆಯಿಂದ ಬರುವಾಗ ಮೋರಿಯ ಹತ್ತಿರ ಬಿದ್ದಿದ್ದ ಮರಿಯನ್ನು ಬದನೆಕಾಯಿಯ ಚೀಲದಲ್ಲಿ ಹಾಕಿಕೊಂಡು ತಂದವರು ಅವರು. ಮುರುಗೇಶಣ್ಣನ ಪ್ರಕಾರ ರಾತ್ರಿಪಾಳಿ ಮುಗಿಸಿ ಬರುವಾಗ ಕಾರ್ಖಾನೆಯ ಗೇಟಿನಿಂದ ಅವರ ಸೈಕಲ್ಲಿನ ಹಿಂದೆಯೇ ಓಡಿ ಬಂದದ್ದು ಆ ಮರಿ. ನಾನು ಹುಟ್ಟುವುದಕ್ಕಿಂತ ಮೊದಲಿನ ಮಾತು, ಆದ್ದರಿಂದ ನಾನು ಅಪ್ಪನ ಕಡೆ. ಮುರುಗೇಶಣ್ಣನ ಮಗಳು ಸೆಲ್ವಿ ನನ್ನದೇ ವಯಸ್ಸು, ನನ್ನದೇ ಕ್ಲಾಸು, ಅವಳು ಅವಳಪ್ಪನ ಕಡೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಪೆಪ್ಪರ್‌ಮೆಂಟನ್ನು ಫ್ರಾಕಿನ ತುದಿಯಲ್ಲಿ ಸುತ್ತಿ ಕಚ್ಚಿ ಮುರಿದು ಹಂಚಿಕೊಂಡು ತಿನ್ನುತ್ತಿದ್ದೆವು. ನಾಯಿಯ ವಿಷಯ ಬಂದರೆ ಮಾತ್ರ ಮುಖ ತಿರುಗಿಸುತ್ತಿದ್ದೆವು.

ಸೆಲ್ವಿಗೆ ಸಿಳ್ಳೆ ಹಾಕುವುದಕ್ಕೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಸ್ಕೂಲಿನಿಂದ ಬರುವಾಗ ರಸ್ತೆಯ ತಿರುವಿನಲ್ಲಿ ಅವಳು ಎರಡು ಬೆರಳನ್ನು ಬಾಯಿಗಿಟ್ಟು ಊದಿದರೆ ಅವನು ಎಲ್ಲಿದ್ದರೂ ಕಿವಿ ಹಿಂದಕ್ಕೆ ಹಾಕಿಕೊಂಡು ಓಡಿ ಬರುತ್ತಿದ್ದ. ನಾನು ‘ಮೋತೀ’ ಎಂದು ಗಂಟಲು ಹರಿಯುವ ಹಾಗೆ ಕೂಗಿದರೂ ಮೊದಲು ಹೋಗಿ ಮೂತಿ ಇಡುತ್ತಿದ್ದುದು ಅವಳ ಲಂಗಕ್ಕೆ. ಆಮೇಲೆ ಮರ್ಯಾದೆಗೆ ಎಂಬಂತೆ ನನ್ನ ಹತ್ತಿರ ಬರುತ್ತಿದ್ದ. ನಾನು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಸಿಳ್ಳೆ ಕಲಿಯುವುದಕ್ಕೆ ನೋಡಿದೆ. ಬಂದದ್ದು ಬರೀ ಎಂಜಲು. ಹೆಣ್ಣುಮಕ್ಕಳು ಸಿಳ್ಳೆ ಹಾಕಬಾರದು ಎಂದು ಅಮ್ಮ ಹೊರಗಿನಿಂದ ಬೈದಳು. ಗೋಡೆಯ ಆ ಕಡೆಯಿಂದ ಸೆಲ್ವಿ ನಕ್ಕದ್ದು ಕೇಳಿಸಿತು. ಭಾನುವಾರವಂತೂ ನನಗೆ ಆಗುತ್ತಲೇ ಇರಲಿಲ್ಲ. ಅವತ್ತು ಅವರ ಮನೆಯಲ್ಲಿ ಮೂಳೆ ಇರುತ್ತಿತ್ತು. ಬೆಳಗಿನಿಂದ ಅವನು ಅವರ ಹಿತ್ತಿಲ ಮೆಟ್ಟಿಲ ಮೇಲೆ ಕೂತರೆ ಸಂಜೆಯವರೆಗೆ ನಮ್ಮ ಕಡೆ ತಿರುಗಿ ನೋಡುತ್ತಿರಲಿಲ್ಲ. ನಾನು ಹುಳಿಯನ್ನ ಕಲಸಿಕೊಂಡು ಕಿಟಕಿಯಿಂದ ಅವನ ಬೆನ್ನು ನೋಡುತ್ತಾ ಊಟ ಮಾಡುತ್ತಿದ್ದೆ. ಹೊಟ್ಟೆಕಿಚ್ಚು ಎಂಬ ಮಾತನ್ನು ಯಾರು ಮಾಡಿದರೋ, ಸರಿಯಾದ ಜಾಗ ನೋಡಿಯೇ ಮಾಡಿದ್ದಾರೆ. ನನಗೆ ಅದು ಹೊಟ್ಟೆಯಲ್ಲೇ ಆಗುತ್ತಿತ್ತು.

ಅಮ್ಮನಿಗೂ ಆಗುತ್ತಿತ್ತು ಎಂದು ಗೊತ್ತಾದದ್ದು ಅವನು ಮೊಸರನ್ನ ಬಿಡುವುದಕ್ಕೆ ಶುರುಮಾಡಿದ ಮೇಲೆ. ನಮ್ಮ ಮನೆಯಲ್ಲಿ ಎಲ್ಲರದೂ ಊಟವಾದ ಮೇಲೆ ಅಮ್ಮ ಪಾತ್ರೆಯ ತಳದ ಅನ್ನಕ್ಕೆ ಮೊಸರು, ಉಪ್ಪು ಹಾಕಿ ಕಲಸಿ ಹಿತ್ತಿಲಿನ ಕಲ್ಲಿನ ಮೇಲೆ ಅವನ ತಟ್ಟೆಗೆ ಸುರಿಯುತ್ತಿದ್ದಳು. ಅವನು ತಟ್ಟೆಯನ್ನು ಮೂತಿಯಿಂದ ತಳ್ಳಿಕೊಂಡು ಬಾವಿಕಟ್ಟೆಯವರೆಗೆ ಹೋಗುತ್ತಿದ್ದ, ಅಷ್ಟು ನೆಕ್ಕುತ್ತಿದ್ದ. ಒಂದು ದಿನ ಅರ್ಧ ಬಿಟ್ಟ. ಮಾರನೆಯ ದಿನ ಮೂಸಿ ನೋಡಿ ತಲೆ ಎತ್ತಿದ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

“ಅಲ್ಲಿ ತಿಂದು ಬಂದಿರ್ತಾನೆ ಬಿಡು. ನಮ್ಮನೆ ಮೊಸರನ್ನ ಯಾರಿಗೆ ಬೇಕು ಈಗ.”

ಆ ಮಾತು ದಿನಾ ಆಯಿತು. ಮಾತಿನ ಜೊತೆಗೆ ಮೊಸರೂ ಬದಲಾಯಿತು. ಹುಳಿ ಮೊಸರಿನ ಬದಲು ಅಂದಿನ ಗಟ್ಟಿ ಮೊಸರು ಬಂತು. ಆಮೇಲೆ ಬಿಸಿ ಅನ್ನ. ಒಂದು ದಿನ ನಾನೇ ನೋಡಿದೆ, ನನಗೂ ಅಪ್ಪನಿಗೂ ಅಳೆದು ಬಡಿಸುವ ತುಪ್ಪದ ಗಿಂಡಿಯನ್ನು ಅಮ್ಮ ನಾಯಿಯ ತಟ್ಟೆಯ ಮೇಲೆ ಬಗ್ಗಿಸಿದಳು. ಅವನು ಅದನ್ನೂ ಬಿಟ್ಟ. ಕಾಗೆಗಳು ತುಪ್ಪದನ್ನ ತಿಂದು ನಮ್ಮ ಹಿತ್ತಿಲಿನಲ್ಲೇ ಬೀಡುಬಿಟ್ಟವು. ಅಮ್ಮನಿಗೆ ಸೆಲ್ವಿಯ ಅಮ್ಮನ ಮೇಲೆ ಸಿಟ್ಟು ಬಂದು, ಗೋಡೆಯ ಮೇಲಿಂದ ಕರಿಬೇವು ಕೊಡುವುದು ನಿಂತುಹೋಯಿತು. ಆಶ್ಚರ್ಯವೆಂದರೆ ಆ ಕಡೆಯಿಂದ ನುಗ್ಗೆಕಾಯಿ ಬರುವುದೂ ನಿಂತಿತ್ತು. ಅದಕ್ಕೆ ಕಾರಣವೇನೆಂದು ನಾವು ಯೋಚಿಸಲಿಲ್ಲ.

ಈ ಮಧ್ಯೆ ಅವನು ಸೊರಗುತ್ತಾ ಹೋದ. ಅವನ ಕೊರಳಿಗೆ ಒಂದು ಬೆಲ್ಟ್ ಇತ್ತು, ಕಾರ್ಖಾನೆಯಲ್ಲಿ ಎಸೆದಿದ್ದ ಕ್ಯಾನ್ವಾಸ್ ಪಟ್ಟಿಯಿಂದ ಮುರುಗೇಶಣ್ಣ ಹೊಲಿಸಿದ್ದು. ಅದು ತಲೆಯಿಂದ ಜಾರಿ ಬೀಳತೊಡಗಿತು. ಅಪ್ಪ ಮೊಳೆ ಕಾಯಿಸಿ ಅದಕ್ಕೆ ಇನ್ನೊಂದು ತೂತು ಹಾಕಿದರು. ಸ್ವಲ್ಪ ದಿನ ಬಿಟ್ಟು ನೋಡಿದರೆ ಅದರ ಪಕ್ಕದಲ್ಲಿ ಮತ್ತೊಂದು ತೂತು, ಅದು ಮುರುಗೇಶಣ್ಣ ಹಾಕಿದ್ದು. ವಯಸ್ಸಾದ ಮೇಲೆ ಮೈ ಇಳಿಯುತ್ತದೆ ಎಂದು ಇಬ್ಬರೂ ಬೇರೆ ಬೇರೆ ಹೇಳಿಕೊಂಡು ಸುಮ್ಮನಾದರು. ಎರಡು ಮನೆಯಲ್ಲಿ ತಿನ್ನುವ ನಾಯಿಗೆ ಉಪವಾಸ ಎಂದು ಯಾರಿಗೆ ಹೊಳೆಯಬೇಕು? ನಾನಂತೂ ಅವನ ಜೊತೆ ಮಾತು ಬಿಟ್ಟಿದ್ದೆ. ಮಧ್ಯಾಹ್ನ ಅವನು ಬಟ್ಟೆ ಒಗೆಯುವ ಕಲ್ಲಿನ ನೆರಳಿನಲ್ಲಿ ಮಲಗಿ ಬಾಲ ಅಲ್ಲಾಡಿಸಿದರೂ ನಾನು ಮುಖ ತಿರುಗಿಸಿ ಹೋಗುತ್ತಿದ್ದೆ. ಅಲ್ಲಿ ತಿಂದು ಇಲ್ಲಿ ಮಲಗುವುದಕ್ಕೆ ಬರುತ್ತಾನೆ ಎಂಬ ಕೋಪ.

ಆ ಕೋಪವೇ ಕೊನೆಗೆ ಒಡೆಯಿತು. ಒಂದು ಸಂಜೆ ಅವನು ಹಳದಿಯಾಗಿ ವಾಂತಿ ಮಾಡಿಕೊಂಡದ್ದನ್ನು ನೋಡಿ ನಾನು ಸಂದಿಯ ಹತ್ತಿರ ಹೋಗಿ ಸೆಲ್ವಿಯನ್ನು ಕರೆದೆ. ನನ್ನ ಹಿಂದೆ ಅಮ್ಮ ಬಟ್ಟೆ ಹಿಂಡುತ್ತಿದ್ದಳು. ಸೆಲ್ವಿಯ ಹಿಂದೆ ಅವಳಮ್ಮ ಅಕ್ಕಿ ಕೇರುತ್ತಿದ್ದರು.

“ನಿಮ್ಮನೆ ಮೀನು ತಿಂದೂ ತಿಂದೂ ನಮ್ಮ ಮೋತಿ ಹೊಟ್ಟೆ ಕೆಟ್ಟಿದೆ. ಇನ್ಮೇಲೆ ನೀವೇನೂ ಹಾಕ್ಬೇಡಿ ಅವನಿಗೆ.”

“ನಮ್ಮನೇಲಿ ಎಲ್ಲೇ ತಿಂತಾನೆ ಅವನು? ಮುಟ್ಟೋದೇ ಇಲ್ಲ. ನಿಮ್ಮಮ್ಮ ತುಪ್ಪ ಹಾಕಿ ಹಾಕಿ ಅವನ ನಾಲಿಗೆ ಕೆಡ್ಸಿದಾರೆ. ನಮ್ಮಮ್ಮ ದಿನಾ ಹೇಳುತ್ತೆ, ಅಯ್ಯರ್ ಮನೇಲಿ ತಿಂದು ಬಂದಿರ್ತಾನೆ ಬಿಡು ಅಂತ.”

ನನ್ನ ಬೆನ್ನ ಹಿಂದೆ ಬಟ್ಟೆ ಹಿಂಡುವ ಸದ್ದು ನಿಂತಿತು. ಆ ಕಡೆ ಮೊರದ ಸದ್ದೂ ನಿಂತಿತು. ಅಮ್ಮ ಒದ್ದೆ ಸೀರೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಗೋಡೆಯ ಹತ್ತಿರ ಬಂದಳು.

“ಸೆಲ್ವಿಯಮ್ಮ, ನಿಮ್ಮಲ್ಲಿ ತಿಂತಿಲ್ವಾ?”

“ಇಲ್ಲಕ್ಕ. ನಿಮ್ಮಲ್ಲಿ?”

“ನಮ್ಮಲ್ಲಿ ಎಲ್ಲಿ ತಿಂದ. ಎಲ್ಲಾ ಕಾಗೆ ಪಾಲು.”

“ಅಯ್ಯೋ ಕಡವುಳೇ. ಹಾಗಾದ್ರೆ ಎಲ್ಲಿ ತಿಂತಾನೆ ಅಕ್ಕ?”

ನಾಲ್ಕು ಜನ ಹೆಂಗಸರು ಒಟ್ಟಿಗೆ ತಿರುಗಿ ಅವನನ್ನು ನೋಡಿದೆವು. ಅವನು ಸಂದಿಯ ಪಕ್ಕದಲ್ಲಿ ಕಾಲು ಚಾಚಿ ಮಲಗಿದ್ದ. ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು. ಇಷ್ಟು ದಿನ ಅದು ಯಾಕೆ ಕಾಣಲಿಲ್ಲ ಎಂದರೆ, ನಾವು ನೋಡುತ್ತಿದ್ದುದು ಅವನನ್ನಲ್ಲ, ಪಕ್ಕದ ಮನೆಯನ್ನು. ಸೆಲ್ವಿಯಮ್ಮ ಅಲ್ಲೇ ಕೂತು ಅತ್ತುಬಿಟ್ಟರು. ಅಮ್ಮ ಅಳಲಿಲ್ಲ. ಅಮ್ಮನಿಗೆ ಅಳು ಬಂದರೆ ಅದು ಬೈಗುಳವಾಗಿ ಹೊರಗೆ ಬರುತ್ತಿತ್ತು, ಹಾಗಾಗಿ ಅಪ್ಪನಿಗೆ ಆ ಸಂಜೆ ಒಳ್ಳೆಯ ಪೂಜೆಯಾಯಿತು.

ಅವನನ್ನು ಶಿವಮೊಗ್ಗದ ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಸ್ಸಿನಲ್ಲಿ ನಾಯಿಯನ್ನು ಹತ್ತಿಸುವುದಿಲ್ಲ. ಕಿರಾಣಿ ಸಾಮಾನು ತರುವುದಕ್ಕೆ ಹೋಗುತ್ತಿದ್ದ ಮೆಟಡಾರ್ ಒಂದನ್ನು ಮುರುಗೇಶಣ್ಣ ಒಪ್ಪಿಸಿದರು. ಹಿಂದೆ ಖಾಲಿ ಚೀಲಗಳ ಮೇಲೆ ಅವನು, ಅವನ ಎರಡು ಪಕ್ಕದಲ್ಲಿ ನಾನು, ಸೆಲ್ವಿ. ಅವನು ತಾನಾಗಿಯೇ ತಲೆಯನ್ನು ಅವಳ ತೊಡೆಯ ಮೇಲೆ ಇಟ್ಟ. ನನ್ನ ಪಾಲಿಗೆ ಬಾಲ ಬಂತು. ತುಂಗಾ ಸೇತುವೆ ದಾಟುವಾಗ ಸೆಲ್ವಿ ಅವನ ಕಿವಿಯಲ್ಲಿ ತಮಿಳಿನಲ್ಲಿ ಏನೋ ಹೇಳುತ್ತಿದ್ದಳು. ಅವನಿಗೆ ತಮಿಳು ಅರ್ಥವಾಗುತ್ತದೆ, ನನಗೆ ಆಗುವುದಿಲ್ಲ ಎಂದು ನನಗೆ ಇನ್ನಷ್ಟು ಉರಿಯಿತು. ಸಾಯುವ ಹಾಗಿರುವ ನಾಯಿಯ ಬಾಲ ಹಿಡಿದುಕೊಂಡು ಹೀಗೆ ಯೋಚಿಸಿದೆಯಾ ಎಂದು ಯಾರಾದರೂ ಕೇಳಿದರೆ, ಹೌದು, ಹೀಗೇ ಯೋಚಿಸಿದೆ.

ಡಾಕ್ಟರು ವಯಸ್ಸಾದವರು, ಮಾತು ಕಮ್ಮಿ. ಯಾರ ನಾಯಿ ಎಂದು ಕೇಳಿದರು. ಅಪ್ಪ, ಮುರುಗೇಶಣ್ಣ ಇಬ್ಬರೂ ಒಟ್ಟಿಗೆ ‘ನಮ್ಮದು’ ಎಂದರು. ಏನು ತಿನ್ನುತ್ತಾನೆ ಎಂದರು. ಅಪ್ಪ ಮೊಸರನ್ನ, ತುಪ್ಪ ಎಂದರು, ಮುರುಗೇಶಣ್ಣ ಗಂಜಿ, ಮೀನು, ಭಾನುವಾರ ಮೂಳೆ ಎಂದರು. ಯಾರದು ಹೆಚ್ಚು ಎಂದು ಇಬ್ಬರ ದನಿಯೂ ಸ್ವಲ್ಪ ಏರಿತು.

“ನೀವು ಹಾಕೋದು ಕೇಳ್ಲಿಲ್ಲ ನಾನು. ಅವನು ತಿನ್ನೋದು ಕೇಳ್ದೆ. ಯಾವತ್ತಿಂದ ಬಿಟ್ಟಿದಾನೆ?”

ಡಾಕ್ಟರು ಅವನ ಹೊಟ್ಟೆ ಅಮುಕಿ ನೋಡಿದರು, ತುಟಿ ಎತ್ತಿ ಒಸಡು ನೋಡಿದರು, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. ಹಲ್ಲು ಕೆಟ್ಟಿರಲಿಲ್ಲ. ಹುಳುವಿಗೆ ಮಾತ್ರೆ ಕೊಟ್ಟರು, ಒಂದು ಸೂಜಿ ಚುಚ್ಚಿದರು. ಮೂತ್ರಪಿಂಡ ಸೋತಿರಬಹುದು, ಒಳಗೆ ಗಂಟು ಇರಬಹುದು, ಇಂಥದ್ದೇ ಎಂದು ಹೇಳುವುದಕ್ಕೆ ಆಗುವುದಿಲ್ಲ ಎಂದರು.

“ಬೆಚ್ಚಗೆ ಮಾಡಿ ಸ್ವಲ್ಪ ಸ್ವಲ್ಪ ಕೊಡಿ. ಮೊಟ್ಟೆ ಕೊಡಿ, ಅನ್ನ ಕೊಡಿ, ಬಾಯಿಗೆ ಹಿಡಿಸಿದ್ದು ಯಾವ್ದಾದ್ರೂ ಸರಿ. ತುರುಕಬೇಡಿ. ಆಮೇಲೆ ಇನ್ನೊಂದು, ಎರಡು ಮನೆಯವರೂ ಮಾತಾಡ್ಕೊಳ್ಳಿ ಮಾರಾಯ್ರೇ.”

ಮಾತಾಡಿಕೊಂಡೆವು. ದಿನಾ ಬೆಳಿಗ್ಗೆ ಕಾರ್ಖಾನೆಯ ಸೈರನ್ ಆದ ಮೇಲೆ ಅಮ್ಮ ಗೋಡೆಯ ಹತ್ತಿರ ಬಂದು ‘ತಿಂದ್ನಾ?’ ಎನ್ನುತ್ತಿದ್ದಳು. ಸೆಲ್ವಿಯಮ್ಮ ‘ಎರಡು ತುತ್ತು ಅಕ್ಕ’ ಎನ್ನುತ್ತಿದ್ದರು. ಇಬ್ಬರಿಗೂ ಅದರಿಂದ ಸಂಕಟ ಕಡಿಮೆಯಾಗಲಿಲ್ಲ. ಮೊದಲು ಅಲ್ಲಿ ತಿನ್ನುತ್ತಾನೆ ಎಂಬುದು ಬರೀ ಊಹೆ, ಈಗ ಬಾಯಿಬಿಟ್ಟು ಹೇಳಿದ ಸತ್ಯ. ಎರಡು ತುತ್ತು ಎಂದು ಕೇಳಿದ ದಿನ ಅಮ್ಮನ ಕೈಯಲ್ಲಿ ಪಾತ್ರೆಗಳು ಜೋರಾಗಿ ಸದ್ದು ಮಾಡುತ್ತಿದ್ದವು. ಹಾಗೆ ಸದ್ದು ಮಾಡಿದ ಒಂದು ದಿನ ಅಮ್ಮ ನನ್ನನ್ನು ಬಚ್ಚಲಿಗೆ ಕರೆದು, ಎರಡು ಬೀದಿ ಆಚೆಯ ಅಂಗಡಿಗೆ ಹೋಗಿ ಮೊಟ್ಟೆ ತಾ, ಪೇಪರಿನಲ್ಲಿ ಸುತ್ತಿಸಿಕೊಂಡು ಸ್ಕೂಲಿನ ಚೀಲದಲ್ಲಿ ಹಾಕಿಕೊಂಡು ಬಾ ಎಂದು ಪಿಸುಗುಟ್ಟಿದಳು. ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ನಮ್ಮಮ್ಮ. ಹಂಡೆಯ ಒಲೆಯಲ್ಲಿ, ಹಳೆಯ ಡಬ್ಬಿಯಲ್ಲಿ ನೀರಿಟ್ಟು ಬೇಯಿಸಿದಳು. ಅಪ್ಪನ ಹರಿದ ಬನಿಯನ್ನಿನ ತುಂಡಿನಿಂದ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ಸಿಪ್ಪೆ ಬಿಡಿಸಿದಳು. ಆಮೇಲೆ ತಲೆಗೆ ನೀರು ಹಾಕಿಕೊಂಡು ಬಂದಳು.

“ಏನೇ ಇದು, ಏನೋ ವಾಸನೆ?”

ಎಂದು ಅಪ್ಪ ಕೇಳಿದರೆ,

“ಹಂಡೆ ತಳ ಹಿಡ್ದಿದೆ. ನಿಮಗೆ ಹೇಳಿ ಎಷ್ಟು ದಿನ ಆಯ್ತು ಕಲಾಯಿ ಮಾಡ್ಸಿ ಅಂತ.”

ಅಮ್ಮನ ಮಡಿಯನ್ನು ಮುರಿದದ್ದು ಕರುಣೆ ಎಂದು, ಎಷ್ಟೋ ಕಾಲದ ಮೇಲೆ ವಿಷಯ ತಿಳಿದ ಬಂಧುಗಳು ಈಗಲೂ ಹೊಗಳುತ್ತಾರೆ. ನಾನು ಆ ಮನೆಯಲ್ಲೇ ಇದ್ದವಳು. ಅದು ಶುದ್ಧ ಹೊಟ್ಟೆಕಿಚ್ಚು. ಅದೇ ವಾರ ಗೋಡೆಯ ಆ ಕಡೆಯಿಂದ ಸಾಸಿವೆ, ಇಂಗಿನ ಒಗ್ಗರಣೆಯ ವಾಸನೆ ಬಂತು. ಸೆಲ್ವಿಯಮ್ಮ ನಮ್ಮ ಹಾಗೆ ಮೊಸರನ್ನ ಮಾಡುವುದಕ್ಕೆ ಹೊರಟಿದ್ದರು. ಕೇಳಿದರೆ ಸೋತಹಾಗೆ ಎಂದು ಕೇಳದೆ, ಬರೀ ವಾಸನೆಯ ಅಂದಾಜಿನ ಮೇಲೆ. ಬ್ರಾಹ್ಮಣರ ಮನೆಯಲ್ಲಿ ನಾಯಿಗೆ ಮೊಟ್ಟೆ, ಮೀನು ತಿನ್ನುವವರ ಮನೆಯಲ್ಲಿ ನಾಯಿಗೆ ಇಂಗಿನ ಮೊಸರನ್ನ. ಅವನು ಒಂದು ದಿನ ಇಲ್ಲಿ ಚೂರು, ಒಂದು ದಿನ ಅಲ್ಲಿ ಚೂರು ಮುಟ್ಟಿ, ಉಳಿದ ದಿನ ನೀರು ಕುಡಿದು ಮಲಗುತ್ತಿದ್ದ.

ನನಗಿದ್ದ ಆಸೆ ಒಂದೇ. ಒಂದು ಸಲ ನನ್ನ ಕೈಯಿಂದ ತಿನ್ನಬೇಕು. ಅಮ್ಮ ತಟ್ಟೆಗೆ ಹಾಕಿದ್ದು ತಿಂದಿದ್ದ, ಅಪ್ಪ ಹಾಕಿದ್ದು ತಿಂದಿದ್ದ. ಸೆಲ್ವಿಯ ಕೈಯಿಂದ ತಿನ್ನುವುದನ್ನು ಸಂದಿಯಲ್ಲಿ ನಾನೇ ಕಂಡಿದ್ದೆ. ಅವಳು ಮೂರು ಬೆರಳಿನಲ್ಲಿ ಹಿಡಿದು ಅವನ ತುಟಿಗೆ ತಾಗಿಸಿ ಸುಮ್ಮನೆ ಕಾಯುತ್ತಿದ್ದಳು. ನಾನೂ ಹಾಗೇ ಮಾಡಿದೆ. ಅವನು ನನ್ನ ಮಣಿಕಟ್ಟಿನ ಬೆವರು ನೆಕ್ಕಿದ, ಬೆರಳಿನಲ್ಲಿದ್ದ ಮೊಟ್ಟೆಯನ್ನು ಬಿಟ್ಟ. ತಿನ್ನೋ, ನನಗೋಸ್ಕರ ತಿನ್ನೋ ಎಂದು ಬೇಡಿಕೊಂಡೆ, ಬೈದೆ. ಸೆಲ್ವಿಯ ಹಾಗೆ ‘ಮಣಿ’ ಎಂದು ಕರೆಯುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ.

ಕೊನೆಯ ದಿನ ಸ್ಕೂಲಿಗೆ ರಜೆ ಇತ್ತು. ಮಧ್ಯಾಹ್ನ ಅವನು ಸಂದಿಯಿಂದ ನಮ್ಮ ಕಡೆ ಬಂದ. ಸಂದಿ ದಾಟುವುದಕ್ಕೇ ಎರಡು ಸಲ ಕೂತ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಲಗಿದ. ನಾನು ಮೊಟ್ಟೆಯ ಹಳದಿಯನ್ನು ಬಿಸಿನೀರಿನಲ್ಲಿ ಕಲಸಿ ಬೆರಳಿನಲ್ಲಿ ಹಿಡಿದು ಕೂತೆ. ಅವನು ಮೂಸಲೂ ಇಲ್ಲ, ಮೂತಿಯನ್ನು ಆ ಕಡೆ ತಿರುಗಿಸಿದ. ನನಗೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ಸೆಲ್ವಿ ಗೋಡೆ ಹಾರಿ ಬಂದಳು. ಅವಳನ್ನು ನೋಡಿದ ಕೂಡಲೇ ನಾನು ಕೇಳಿದ್ದು ಒಂದೇ ಪ್ರಶ್ನೆ.

“ಅಲ್ಲಿ ತಿಂದ್ನಾ?”

ಅವಳು ನನ್ನ ಮುಖ ನೋಡಿದಳು, ನನ್ನ ಬೆರಳಿನಲ್ಲಿ ಒಣಗುತ್ತಿದ್ದ ಹಳದಿ ನೋಡಿದಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

“ಇಲ್ಲ ಕಣೆ ಪದ್ಮ. ನಮ್ಮನೇಲೂ ಮುಟ್ಲಿಲ್ಲ.”

ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಳು ನಿಂತೇ ಹೋಯಿತು. ಇಬ್ಬರೂ ಅವನ ಎರಡು ಪಕ್ಕದಲ್ಲಿ ಕೂತೆವು. ಸಂಜೆ ಅಪ್ಪ ಬರುವ ಹೊತ್ತಿಗೆ ಅವನು ಹೋಗಿದ್ದ. ನಮ್ಮ ಹಿತ್ತಿಲಿನಲ್ಲಿ ಸಿಮೆಂಟಿನ ಮೋರಿ ಹಾದುಹೋಗಿತ್ತು, ಹಾಗಾಗಿ ಹೂಳಿದ್ದು ಅವರ ನುಗ್ಗೆಮರದ ಕೆಳಗೆ. ಅದಕ್ಕೂ ನಾನು ಕೆಲವು ದಿನ ಸೆಲ್ವಿಯ ಜೊತೆ ಮಾತು ಬಿಟ್ಟೆ. ಆದರೆ ಒಳಗೊಳಗೆ ಒಂದು ತೃಪ್ತಿ ಇತ್ತು. ಕೊನೆಯ ದಿನ ಅವನು ನನ್ನ ಕೈಯಿಂದ ತಿನ್ನಲಿಲ್ಲ ನಿಜ, ಅವಳ ಕೈಯಿಂದಲೂ ತಿನ್ನಲಿಲ್ಲ. ಆಟ ಸಮವಾಗಿತ್ತು. ಕ್ವಾರ್ಟರ್ಸ್ ಬಿಟ್ಟೆವು, ಮದುವೆಯಾಯಿತು, ಮಕ್ಕಳಾದವು, ಅಪ್ಪ ಅಮ್ಮ ಇಬ್ಬರೂ ಹೋದರು. ಅದೆಲ್ಲದರ ನಡುವೆ ಆ ತೃಪ್ತಿಯನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ. ನಗುವವರು ನಗಲಿ.

ಈಗ ನಾನೂ ಸೆಲ್ವಿಯೂ ಶಿವಮೊಗ್ಗದಲ್ಲೇ ಇದ್ದೇವೆ. ಅವಳು ಶಂಕರಘಟ್ಟದ ಯೂನಿವರ್ಸಿಟಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದಾಳೆ, ಅವಳಮ್ಮ ಅವಳ ಜೊತೆಗೇ ಇದ್ದಾರೆ. ಈಚೆಗೆ ಒಂದು ಮಧ್ಯಾಹ್ನ ಸೆಲ್ವಿಯಮ್ಮ ನನ್ನನ್ನು ನೋಡಬೇಕೆಂದರಂತೆ, ಹೋದೆ. ಹಲ್ಲಿಲ್ಲ, ಕಣ್ಣು ಮಂಜು, ನಾಲಿಗೆ ಮಾತ್ರ ಹಾಗೇ ಇದೆ. ನನ್ನ ಕೈ ಹಿಡಿದುಕೊಂಡು ಹಳೆಯದನ್ನೆಲ್ಲ ತೆಗೆದರು. ಅಮ್ಮ ಹಂಡೆಯ ಒಲೆಯಲ್ಲಿ ಮೊಟ್ಟೆ ಬೇಯಿಸಿದ್ದು ತಮಗೆ ಅವತ್ತೇ ವಾಸನೆ ಹೊಡೆದಿತ್ತು ಎಂದು ನಕ್ಕರು. ಮೆಟಡಾರಿನಲ್ಲಿ ನನ್ನ ಪಾಲಿಗೆ ಬಾಲ ಬಂದದ್ದು, ಡಾಕ್ಟರು ಬೈದದ್ದು, ಒಂದೂ ತಪ್ಪಿಲ್ಲ.

“ನಿಮ್ಮಮ್ಮ ಬಿಡೋ ಹಂಗಿರ್ಲಿಲ್ಲ, ನಾನೂ ಬಿಡ್ಲಿಲ್ಲ. ಕೊನೇಗೆ ನಾನೇ ಗೆದ್ದೆ ಪದ್ಮ. ಅವನು ಹೋದ ದಿನ ನಮ್ಮ ಸೆಲ್ವಿ ಕೈಯಲ್ಲಿ ಒಂದು ಬಟ್ಲು ಮೊಸರನ್ನ ತಿಂದ. ಪೂರ್ತಿ ತಿಂದ. ಆಮೇಲೇ ನಿಮ್ಮನೆ ಕಡೆ ಹೋಗಿದ್ದು.”

ಕಾಫಿ ತರುತ್ತಿದ್ದ ಸೆಲ್ವಿ ಬಾಗಿಲಿನಲ್ಲೇ ನಿಂತಳು. ನನ್ನ ಹೊಟ್ಟೆಯಲ್ಲಿ ಅದೇ ಹಳೆಯ ಜಾಗದಲ್ಲಿ ಚುರ್ ಎಂದಿತು. ತಿಂದನಲ್ಲ, ಅವಳ ಕೈಯಿಂದಲೇ ತಿಂದನಲ್ಲ, ಅದೂ ಪೂರ್ತಿ. ಅರವತ್ತು ದಾಟಿದ ಹೆಂಗಸು ನಾನು, ಕಣ್ಣು ತುಂಬಿಕೊಂಡಿತು. ಸೆಲ್ವಿ ಲೋಟ ಕೆಳಗಿಟ್ಟು, ನನ್ನ ಕಡೆ ನೋಡದೆ, ಅಮ್ಮನ ಹೊದಿಕೆ ಸರಿಮಾಡಿದಳು.

“ಅಮ್ಮಂಗೆ ಈಗೀಗ ಎಲ್ಲಾ ಕಲಸ್ಕೊಂಡು ಹೋಗುತ್ತೆ ಕಣೆ. ಅವತ್ತು ಎಲ್ಲಿ ತಿಂದ ಅವನು.”

ಅವಳ ಜಾಗದಲ್ಲಿ ನಾನಿದ್ದಿದ್ದರೆ ಗೋಡೆ ಹತ್ತಿ ನಿಂತು ಬೀದಿಗೆಲ್ಲ ಕೇಳಿಸುವ ಹಾಗೆ ಸಾರುತ್ತಿದ್ದೆ. ಆ ವಯಸ್ಸಿನಲ್ಲಿ ಅವಳಿಗೆ ಆ ಸುಳ್ಳು ಹೇಗೆ ಹೊಳೆಯಿತು? ಯಾರು ಕಲಿಸಿದರು? ನಾಯಿಗೋಸ್ಕರ ಉರಿದದ್ದಕ್ಕಿಂತ ಹೆಚ್ಚಾಗಿ ಈಗ ಇದಕ್ಕೆ ಉರಿಯಿತು. ಇಷ್ಟು ವರ್ಷ ಅದನ್ನು ಒಬ್ಬಳೇ ಇಟ್ಟುಕೊಂಡು, ಈಗಲೂ ಬಿಟ್ಟುಕೊಡದೆ ನಿಂತಿದ್ದಾಳಲ್ಲ ಎಂದು. ಸೆಲ್ವಿಯಮ್ಮ ಏನೋ ಹೇಳುವುದಕ್ಕೆ ಬಾಯಿ ತೆರೆದರು. ನಾನು ಅವರ ಕೈಯನ್ನು ಸ್ವಲ್ಪ ಒತ್ತಿ ಹಿಡಿದೆ.

“ಹೂಂ ಕಣೆ,” ಎಂದೆ. “ಎಲ್ಲಿ ತಿಂದ.”